‘ವೇಟ್’ ಪದದ ಹುಟ್ಟು ಬರೆದ ಮಳೆಗಾಲ

ಕಾಯುವುದೆಂದರೆ ನನಗೆ ಆಗುವುದಿಲ್ಲ. ಇವತ್ತಿನದಲ್ಲ, ಹುಟ್ಟಿನಿಂದ ಬಂದದ್ದು. ಏಳನೇ ತಿಂಗಳಿಗೇ ಹೊರಗೆ ಬಂದವಳು ನಾನು. “ಹೊಟ್ಟೆ ಒಳಗೇ ಕಾಯ್ಲಿಲ್ಲ, ಇನ್ನು ಬಸ್ ಸ್ಟಾಪಲ್ಲಿ ಕಾಯ್ತಾಳಾ?” ಎಂದು ನಮ್ಮಮ್ಮ ಮನೆಗೆ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಕುಕ್ಕರ್ ಕೂಗುವ ಮೊದಲೇ ಒಲೆ ಆರಿಸಿ, ಬೇಳೆ ಬೆಂದಿಲ್ಲವೆಂದು ಕುಕ್ಕರಿಗೇ ಬೈದು, ಮತ್ತೆ ಒಲೆ ಹಚ್ಚುವ ಪೈಕಿ. ‘ತಾಳಿದವನು ಬಾಳಿಯಾನು’ ಎಂದು ಯಾರಾದರೂ ಬುದ್ಧಿ ಹೇಳಲು ಬಂದರೆ, ಬಾಳೋದು ಆಮೇಲಿರಲಿ, ಮೊದಲು ಈ ಗಾದೆ ಮುಗಿಸಿ ಅನ್ನುತ್ತಿದ್ದೆ. ಅಂಥವಳ ಕೈಗೇ ‘ವೇಟ್’ ಎನ್ನುವ ಇಂಗ್ಲಿಷ್ ಕ್ರಿಯಾಪದ ಬಂದು ಬೀಳಬೇಕೆ!

ತೊಂಬತ್ತರ ದಶಕದ ನಡುವಿನ ಮಾತು. ಬನಶಂಕರಿ ಎರಡನೇ ಹಂತದಲ್ಲಿ ನಮ್ಮ ಬಾಡಿಗೆ ಮನೆ. ನನ್ನ ಗಂಡ ಬೆಳಕು ಹರಿಯುವ ಹೊತ್ತಿಗೇ ಕಾರ್ಖಾನೆಯ ಬಸ್ಸು ಹಿಡಿಯುವವರು. ಮಗಳಿಗೆ ಆಗ ಮೂರೂವರೆ. ಇಂಗ್ಲಿಷಿನಲ್ಲಿ ಎಂ.ಎ. ಮಾಡಿಕೊಂಡಿದ್ದ ನಾನು ಮಗಳು ಹುಟ್ಟಿದ ಮೇಲೆ ಓದುತ್ತಿದ್ದದ್ದು ಅಂಗಡಿಯಿಂದ ಸಕ್ಕರೆ, ಬೇಳೆ ಕಟ್ಟಿಕೊಂಡು ಬಂದ ಪೇಪರನ್ನು ಮಾತ್ರ. ಪೊಟ್ಟಣ ಬಿಡಿಸಿ, ಸುಕ್ಕು ಸವರಿ, ಹಿಂದೆ ಮುಂದೆ ಓದುತ್ತಿದ್ದೆ. ಅರ್ಧಕ್ಕೆ ಹರಿದ ಸುದ್ದಿಯ ಉಳಿದರ್ಧ ಏನಾಗಿರಬಹುದು ಎಂದು ಯೋಚಿಸುತ್ತಾ ಪಾತ್ರೆ ತೊಳೆಯುತ್ತಿದ್ದೆ. ಹೊಟ್ಟೆಗೆ ಬಟ್ಟೆಗೆ ಏನೂ ಕಮ್ಮಿ ಇರಲಿಲ್ಲ. ಆದರೂ ತಲೆಗೆ ಕೆಲಸವಿಲ್ಲದೆ ಒಳಗೊಳಗೇ ಸಂಕಟಪಡುತ್ತಿದ್ದೆ.

ಆ ವರ್ಷ ಮಗಳನ್ನು ನರ್ಸರಿಗೆ ಸೇರಿಸುವ ಹೊತ್ತಿಗೆ ನನಗೊಂದು ಕೆಲಸ ಸಿಕ್ಕಿತು. ಜಯನಗರದಲ್ಲಿ ಒಂದು ಮನೆಯ ಮಹಡಿಯಲ್ಲಿದ್ದ ಸಣ್ಣ ಪ್ರಕಾಶನದವರು ಶಾಲೆ ಮಕ್ಕಳಿಗಾಗಿ ಇಂಗ್ಲಿಷ್–ಕನ್ನಡ ನಿಘಂಟು ಮಾಡುತ್ತಿದ್ದರು. ಸಂಪಾದಕರು ನಿವೃತ್ತ ಮೇಷ್ಟ್ರು. ನಶ್ಯ ಏರಿಸಿ, ಕರವಸ್ತ್ರ ಒದರಿ, ಆಮೇಲೇ ಮಾತಾಡುವವರು. ಅಲ್ಲಿಯವರೆಗೆ ಕೆಲಸ ಮಾಡುತ್ತಿದ್ದವರು ‘ವಿ’ ಅಕ್ಷರ ಮುಗಿಸಿ ಬೇರೆ ಊರಿಗೆ ಹೊರಟುಹೋಗಿದ್ದರು. “ಡಬ್ಲ್ಯು ನಿಂದು ಕಣಮ್ಮ. ಚೆನ್ನಾಗಿ ಮಾಡಿ ತೋರ್ಸು. ಸರಿ ಹೋದ್ರೆ ಮುಂದಿನ ದೊಡ್ಡ ನಿಘಂಟಿಗೂ ನೀನೇ. ಅರ್ಥ ಬರಿಯೋದು ಯಾರ್ ಬೇಕಾದ್ರೂ ಮಾಡ್ತಾರೆ. ನಂಗೆ ಪದದ ಹುಟ್ಟೂ ಬೇಕು,” ಎಂದರು. ಬೆಳಗ್ಗೆ ನರ್ಸರಿಯ ಹೊತ್ತಿನಲ್ಲಿ ಅಲ್ಲಿ ಕೂತು ದೊಡ್ಡ ದೊಡ್ಡ ಕೋಶಗಳನ್ನು ನೋಡಿಕೊಳ್ಳುವುದು, ಉಳಿದದ್ದನ್ನು ಮನೆಯಲ್ಲಿ ಬರೆಯುವುದು ಎಂದು ಮಾತಾಯಿತು. ಆ ಮಹಡಿ ಇಳಿಯುವಾಗ ನನಗೆ ಕುಣಿಯುವ ಹಾಗಾಗಿತ್ತು. ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿದ ಹಾಗೆ ದಾರಿಯಲ್ಲೇ ಒಂದು ಹೊಸ ಪೆನ್ನನ್ನೂ ಕೊಂಡೆ.

ಕೂಸೇನೋ ಹುಟ್ಟಿ ಮೂರೂವರೆ ವರ್ಷವಾಗಿತ್ತು. ತೊಂದರೆ ಬಂದದ್ದೇ ಅವಳಿಂದ.

ನರ್ಸರಿ ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ. ಒಬ್ಬ ಮಿಸ್ಸು ತಮ್ಮ ಮನೆಯ ಮುಂದಿನ ಹಾಲಿನಲ್ಲಿ ನಡೆಸುತ್ತಿದ್ದರು. ಹಿಂದೆ ಅಡುಗೆಮನೆ, ಅಲ್ಲಿ ಅವರ ಅತ್ತೆ. ಆ ಅಜ್ಜಿಯನ್ನು ಮಕ್ಕಳೂ ಅಜ್ಜಿ ಅನ್ನುತ್ತಿದ್ದವು, ಮಕ್ಕಳ ಅಮ್ಮಂದಿರೂ ಅಜ್ಜಿ ಅನ್ನುತ್ತಿದ್ದೆವು. ಮೊದಲ ದಿನ ನನ್ನ ಮಗಳು ತೆಗೆದ ರಾಗಕ್ಕೆ ಎದುರು ಮನೆಯವರು ಬಾಗಿಲು ತೆಗೆದು ಬಂದು ನೋಡಿದರು. ಅಪ್ಪಾ, ಅದೇನು ರಂಪ! ನನ್ನ ಸೆರಗನ್ನು ಹಿಡಿದವಳು ಬಿಡಲೇ ಇಲ್ಲ. ನನ್ನದೇ ಮಗಳಲ್ಲವೇ, ತಾಳ್ಮೆ ಎಲ್ಲಿಂದ ಬರಬೇಕು?

“ಅಮ್ಮ ಎಲ್ಗೂ ಹೋಗಲ್ಲ ಪುಟ್ಟಿ. ಇಲ್ಲೇ ಹೊರಗೆ ಕಾಯ್ತಿರ್ತೀನಿ,” ಎಂದೆ. ಲೋಕದ ಎಲ್ಲಾ ಅಮ್ಮಂದಿರೂ ಹೇಳುವ ಮಾತು. ಹೇಳಿದ ಮೇಲೆ ಕಾಯಲೇಬೇಕಾಯಿತು. ಮಿಸ್ಸು ಮೊದಲ ವಾರ ಅಮ್ಮಂದಿರಿಗೆ ವರಾಂಡದಲ್ಲಿ ಕೂರಲು ಬಿಟ್ಟಿದ್ದರು. ಬಾಗಿಲ ಮರೆಯಲ್ಲಿ, ಮಗಳ ಕಣ್ಣಿಗೆ ಬೀಳದ ಹಾಗೆ, ಗೋಡೆಗೆ ಒರಗಿ ಕೂತೆ. ಜಯನಗರಕ್ಕೆ ಹೋಗುವ ಹಾಗಿರಲಿಲ್ಲ. ಕೂತಲ್ಲೇ ಹೊಸ ಪೆನ್ನಿನಲ್ಲಿ ಡಬ್ಲ್ಯು ಪದಗಳಿಗೆ ಅರ್ಥ ಬರೆಯುತ್ತಿದ್ದೆ.

ಆಗಲೇ ನಾನೊಂದು ಗಮನಿಸಿದ್ದು. ಮಗಳು ಕಿಟಕಿಯ ಪಕ್ಕ ಕೂತಿದ್ದಳು. ಆಗಾಗ ಎದ್ದು ಕಿಟಕಿಯಿಂದ ಇಣುಕುತ್ತಿದ್ದಳು, ಸಮಾಧಾನವಾಗಿ ಮತ್ತೆ ಕೂರುತ್ತಿದ್ದಳು. ಅಲ್ಲಿಂದ ನಾನಂತೂ ಕಾಣುವುದಿಲ್ಲ. ಮತ್ತೇನು ನೋಡ್ತಾಳಪ್ಪಾ ಇವಳು ಎಂದು ಬಗ್ಗಿ ನೋಡಿದರೆ, ಕಿಟಕಿಗೆ ನೇರವಾಗಿ ಕಾಣುತ್ತಿದ್ದದ್ದು ಮೆಟ್ಟಿಲು. ಮೆಟ್ಟಿಲ ಮೇಲೆ ನನ್ನ ಕಂದು ಬಣ್ಣದ ಚಪ್ಪಲಿ.

ನಮ್ಮ ಕಡೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಬಾಗಿಲ ಮುಂದಿನ ಚಪ್ಪಲಿ ನೋಡಿಯೇ ಮನೆಯಲ್ಲಿ ಯಾರಿದ್ದಾರೆ, ಯಾರು ಬಂದಿದ್ದಾರೆ, ಯಾರು ಹೋದರು ಎಂದು ತಿಳಿದುಕೊಳ್ಳುತ್ತೇವೆ. ಅಪ್ಪನ ಚಪ್ಪಲಿ ಇದ್ದರೆ ಹುಡುಗರು ಮೆಲ್ಲಗೆ ಒಳಗೆ ಬರುತ್ತಾರೆ. ಗುರುತಿಲ್ಲದ ಚಪ್ಪಲಿ ಇದ್ದರೆ ಹೆಣ್ಣುಮಕ್ಕಳು ಸೆರಗು ಸರಿ ಮಾಡಿಕೊಳ್ಳುತ್ತಾರೆ. ಚಪ್ಪಲಿ ಬಾಗಿಲಲ್ಲಿದೆ ಅಂದಮೇಲೆ ಮನುಷ್ಯ ಒಳಗಿದ್ದಾನೆ ಎಂದೇ ಲೆಕ್ಕ. ಬರಿಗಾಲಲ್ಲಿ ಬೀದಿಗೆ ಯಾರು ಹೋಗುತ್ತಾರೆ? ನನ್ನ ಮಗಳಿಗೆ ನಾನು ಬೇಕಾಗಿರಲಿಲ್ಲ, ನನ್ನ ಚಪ್ಪಲಿ ಕಂಡರೆ ಸಾಕಾಗಿತ್ತು.

ವಾರ ಕಳೆಯುವ ಹೊತ್ತಿಗೆ ಮೇಷ್ಟ್ರು ಪಕ್ಕದ ಮನೆಗೆ ಫೋನು ಮಾಡಿದರು. “ಬರ್ತೀಯೋ ಇಲ್ವೋ ಹೇಳ್ಬಿಡಮ್ಮ. ನಾಳೆನೂ ಬರ್ಲಿಲ್ಲ ಅಂದ್ರೆ ನಾನು ಬೇರೆಯವ್ರನ್ನ ನೋಡ್ಕೋತೀನಿ.” ಸಂಜೆ ಗಂಡನ ಮುಂದೆ ಹೇಳಿಕೊಂಡೆ. ಅವರು ಒಳ್ಳೆಯವರು. ಒಳ್ಳೆಯವರಾದ್ದರಿಂದಲೇ, “ಹೋಗ್ಲಿ ಬಿಡು, ಮುಂದಿನ ವರ್ಷ ನೋಡೋಣ,” ಎಂದುಬಿಟ್ಟರು. ಮುಂದಿನ ವರ್ಷಕ್ಕೆ ಡಬ್ಲ್ಯು ಅಕ್ಷರ ನನಗಾಗಿ ಕಾದು ಕೂತಿರುತ್ತದೆಯೇ?

ಮರುದಿನ ಮಗಳನ್ನು ಕಿಟಕಿಯ ಪಕ್ಕ ಕೂರಿಸಿ, “ಇಲ್ಲೇ ಕಾಯ್ತಿರ್ತೀನಿ,” ಎಂದು ಹೇಳಿ ವರಾಂಡಕ್ಕೆ ಬಂದೆ. ಚಪ್ಪಲಿ ಮೆಟ್ಟಿಲ ಮೇಲಿತ್ತು. ಅದನ್ನು ಅಲ್ಲೇ ಬಿಟ್ಟೆ. ಮಿಸ್ಸಿಗೆ ಕಣ್ಣಲ್ಲೇ ಹೇಳಿ, ಅಡುಗೆಮನೆ ದಾಟಿ, ಹಿಂದಿನ ಗೇಟಿನಿಂದ ಬರಿಗಾಲಲ್ಲಿ ಬೀದಿಗೆ ಇಳಿದೆ. ಅಡುಗೆಮನೆಯಲ್ಲಿ ಕೊತ್ತಂಬರಿ ಬಿಡಿಸುತ್ತಿದ್ದ ಅಜ್ಜಿ ನನ್ನ ಕಾಲನ್ನೇ ನೋಡಿದರು.

“ಚಪ್ಲಿ ಇಲ್ದೆ ಎಲ್ಗವ್ವಾ?”

“ಹೀಗೇ ಅಜ್ಜಿ, ಬಂದೆ,” ಎಂದು ಓಡಿದೆ.

ಇನ್ನೊಂದು ಜೊತೆ ಬ್ಯಾಗಿನಲ್ಲಿ ಇಟ್ಟುಕೊಳ್ಳಬಾರದಿತ್ತೇ ಎಂದು ಈ ಕಥೆ ಕೇಳಿದವರೆಲ್ಲ ಕೇಳುತ್ತಾರೆ, ನಾನೇನೋ ಪೆದ್ದಿ ಅನ್ನುವ ಹಾಗೆ. ಇಟ್ಟುಕೊಂಡೆ ಸ್ವಾಮಿ! ಮಾರನೇ ದಿನವೇ ಬಚ್ಚಲಿನ ಹವಾಯಿ ಚಪ್ಪಲಿಯನ್ನು ಕವರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಬಿಸ್ಕತ್ತಿಗಾಗಿ ನನ್ನ ಬ್ಯಾಗನ್ನು ದಿನಾ ತಪಾಸಣೆ ಮಾಡುವ ಮಗಳ ಕೈಗೆ ಅದು ಸಿಕ್ಕಿತು. “ಇದ್ಯಾಕಮ್ಮ?” ಎಂದು ಎತ್ತಿ ಹಿಡಿದಳು. ಏನೋ ಹೇಳಿ ಸಾಗಹಾಕಿದೆ. ಆಮೇಲೆ ಆ ಸಾಹಸಕ್ಕೆ ಹೋಗಲಿಲ್ಲ.

ಬರಿಗಾಲಲ್ಲಿ ಜಯನಗರದವರೆಗೆ ನಡೆದವರಿಗೇ ಗೊತ್ತು. ಆಗಷ್ಟೇ ಮಳೆಗಾಲ ಹಿಡಿದಿತ್ತು. ಜಲ್ಲಿಕಲ್ಲು, ಕೆಸರು, ಯಾರೋ ಅಗೆದು ಅರ್ಧ ಮುಚ್ಚಿದ ಗುಂಡಿ, ಹಣ್ಣಿನ ಗಾಡಿಯಿಂದ ಬಿದ್ದ ಸಿಪ್ಪೆ. ಯಾರಾದರೂ ನೋಡಿ ಏನಂದುಕೊಳ್ಳುತ್ತಾರೋ ಎಂದು ಮೊದಲ ದಿನ ತಲೆ ತಗ್ಗಿಸಿಕೊಂಡು ಹೋದೆ. ಬನಶಂಕರಿ ದೇವಸ್ಥಾನದ ಹತ್ತಿರ ಬರುತ್ತಲೇ ಹೂವು ಮಾರುವಾಕೆ ನನ್ನ ಕಾಲು ನೋಡಿದಳು, ಮುಖ ನೋಡಿದಳು. “ಹರಕೇನಾ ಅಕ್ಕಾ?” ಎಂದಳು. ಹೌದಲ್ಲಾ! ಆ ರಸ್ತೆಯಲ್ಲಿ ಬರಿಗಾಲಲ್ಲಿ ಬರುವ ಹೆಂಗಸರಿಗೇನು ಬರವೇ? ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಲು ಎಲ್ಲೆಲ್ಲಿಂದಲೋ ಬರುತ್ತಾರೆ. “ಹೂಂ ಕಣಮ್ಮ,” ಎಂದೆ. ಅವಳು ಒಂದು ಮೊಳ ಮಲ್ಲಿಗೆ ತೆಗೆದು ನನ್ನ ಕೈಗಿಟ್ಟಳು. ಯಾವ ದೇವರಿಗೆ ಎಂದು ಅವಳು ಕೇಳಿದ್ದರೆ ನಮ್ಮ ಮನೆ ದೇವರಿಗೆ ಎನ್ನುತ್ತಿದ್ದೆ. ಮೂರೂವರೆ ವರ್ಷದ ದೇವರು, ಮೂಗು ಒರೆಸಿಕೊಳ್ಳಲು ಬರುವುದಿಲ್ಲ, ಆದರೆ ಕೋಪಕ್ಕೇನೂ ಕಮ್ಮಿಯಿಲ್ಲ.

ಅಂದಿನಿಂದ ನನ್ನ ಬರಿಗಾಲು ಹರಕೆಯೆಂದೇ ಊರಿಗೆಲ್ಲ ಗೊತ್ತಾಯಿತು. ಎದುರಿಗೆ ಬಂದವರು ದಾರಿ ಬಿಟ್ಟು ನಿಲ್ಲುತ್ತಿದ್ದರು. ಮಿಸ್ಸಿನ ಅತ್ತೆ ಅಡುಗೆಮನೆಯಲ್ಲಿ ನನ್ನನ್ನು ನಿಲ್ಲಿಸಿ ಹಣೆಗೆ ಕುಂಕುಮ ಇಟ್ಟು, “ಒಳ್ಳೇದಾಗುತ್ತೆ ಹೋಗವ್ವ,” ಎಂದು ಕಳಿಸಿಕೊಡುತ್ತಿದ್ದರು. ದೇವರು ದಿಂಡರು ಎಂದರೆ ಮೂಗು ಮುರಿಯುವ ಮೇಷ್ಟ್ರು ಕೂಡ, ನಾನು ಮೆಟ್ಟಿಲು ಹತ್ತುವಾಗ ನನ್ನ ಕೆಸರುಗಾಲು ನೋಡಿ, ಬೈಯಲು ತೆರೆದ ಬಾಯನ್ನು ಮುಚ್ಚಿಕೊಂಡರು. ನಾನೂ ತಿದ್ದಲು ಹೋಗಲಿಲ್ಲ. ಹೇಳುವುದಾದರೂ ಏನು?

ಅಲ್ಲಿ ಆ ಮಹಡಿಯಲ್ಲಿ ನನಗೆ ‘ವೇಟ್’ ಎದುರಾಯಿತು. ‘ವ್ಯಾಗ್’, ‘ವೇಜ್’, ಸೊಂಟದ ‘ವೇಸ್ಟ್’ ಎಲ್ಲ ಸಲೀಸಾಗಿ ದಾಟಿದ್ದವು. ಇದಕ್ಕೆ ನಾನು ‘ಕಾಯು, ನಿರೀಕ್ಷಿಸು’ ಎಂದು ಬರೆದು, ಉದಾಹರಣೆಗೆ ‘ನಾನು ಬಸ್ಸಿಗಾಗಿ ಕಾಯುತ್ತಿದ್ದೇನೆ’ ಎಂದು ಹಾಕಿ ಮುಂದಕ್ಕೆ ಹೋಗಿದ್ದೆ. ಮೇಷ್ಟ್ರು ಕೆಂಪು ಗೀಟು ಎಳೆದು ವಾಪಸು ತಳ್ಳಿದರು.

“ಎಲ್ಲಾ ನಿಘಂಟಲ್ಲೂ ಇದೇ ಬಸ್ಸು. ಎಷ್ಟ್ ವರ್ಷದಿಂದ ಕಾಯ್ತಿದಾರೆ, ಬರೋದೇ ಇಲ್ಲ ಆ ಬಸ್ಸು. ಹುಟ್ಟು ಎಲ್ಲಮ್ಮ ಇದ್ರದ್ದು?”

ಹುಟ್ಟು ಹುಡುಕಲು ಕೂತೆ. ಕಪಾಟಿನ ಕೆಳಗಿನ ಅರೆಯಿಂದ ಎತ್ತಲಾರದ ಕೋಶವೊಂದನ್ನು ಎಳೆದುಕೊಂಡು, ಸಣ್ಣ ಅಕ್ಷರಕ್ಕೆ ಕಣ್ಣು ಕಿರಿದು ಮಾಡಿಕೊಂಡು ಓದಿದೆ. ಈ ಮಾತು ಇಂಗ್ಲಿಷಿಗೆ ಬಂದದ್ದು ಉತ್ತರ ಫ್ರಾನ್ಸಿನ ಹಳೆಯ ಆಡುನುಡಿಯಿಂದ. ಅದಕ್ಕೂ ಹಿಂದಿನ ಬೇರು ಜರ್ಮನ್ ಕುಲದ್ದು. ಅಲ್ಲಿ ಇದಕ್ಕೆ ಸುಮ್ಮನೆ ಕೂತಿರುವುದು ಎಂಬ ಅರ್ಥವೇ ಇಲ್ಲ. ಎಚ್ಚರವಾಗಿದ್ದು ನೋಡುತ್ತಿರುವುದು, ಕಣ್ಣಿಡುವುದು, ಕಾವಲಿರುವುದು. ಎದ್ದಿರುವ ‘ವೇಕ್’, ನೋಡುವ ‘ವಾಚ್’ ಎರಡೂ ಇದರ ದಾಯಾದಿಗಳು. ಶತ್ರುವಿಗಾಗಿ ಹೊಂಚು ಹಾಕುವುದಕ್ಕೂ ಇದೇ ಪದ. ಈಗ ಹೋಟೆಲಿನಲ್ಲಿ ಕಾಫಿ ತಂದುಕೊಡುವ ‘ವೇಟರ್’ ಒಂದು ಕಾಲಕ್ಕೆ ಪಹರೆಯವನು. ಯಾರೋ ಬರಲಿ ಎಂದು ಇದ್ದಲ್ಲೇ ಇರುವುದು, ಬಡಿಸಲು ನಿಲ್ಲುವುದು, ಇವೆಲ್ಲ ಆಮೇಲೆ ಅಂಟಿಕೊಂಡ ಅರ್ಥಗಳು.

ಓದಿ ತಲೆ ಎತ್ತಿದೆ. “ಸಾರ್, ಇದು ನಮ್ಮ ಕಾಯೋದೇ ಅಲ್ವಾ? ದನ ಕಾಯ್ತಾರೆ, ತೋಟ ಕಾಯ್ತಾರೆ, ದೇವ್ರೇ ಕಾಯಪ್ಪಾ ಅಂತೀವಿ. ನಾವೂ ಎರಡಕ್ಕೂ ಒಂದೇ ಮಾತು ಇಟ್ಕೊಂಡಿದೀವಿ.”

ಮೇಷ್ಟ್ರು ನಶ್ಯದ ಡಬ್ಬಿ ಕೆಳಗಿಟ್ಟರು. “ಅದನ್ನೇ ಬರಿ ಮತ್ತೆ. ಮಕ್ಕಳಿಗೆ ಗೊತ್ತಾಗ್ಲಿ. ಆದ್ರೆ ನೀರು ಕಾಯೋದನ್ನ ತಂದು ಸೇರ್ಸಬೇಡ, ಅದ್ರ ದಾರಿ ಬೇರೆ. ಮತ್ತೆ ಆ ಬಸ್ಸು ತೆಗೆದುಹಾಕು. ನೀನು ಕಂಡಿದ್ದು ಏನಾದ್ರೂ ಉದಾಹರಣೆ ಕೊಡು.”

ಹುಟ್ಟು ಬರೆದೆ. ಉದಾಹರಣೆ ಮಾತ್ರ ಹೊಳೆಯಲಿಲ್ಲ. ಕಾದು ಗೊತ್ತಿದ್ದರಲ್ಲವೇ ಹೊಳೆಯುವುದು! ದಿನಾ ಆ ಸಾಲಿನ ಮುಂದೆ ಖಾಲಿ ಜಾಗ ಬಿಟ್ಟು ಎದ್ದು ಬರುತ್ತಿದ್ದೆ. ನರ್ಸರಿ ಬಿಡುವ ಮೊದಲೇ ಓಡೋಡುತ್ತಾ ಹಿಂದಿನ ಗೇಟಿಗೆ ಬಂದು, ನಲ್ಲಿಯಲ್ಲಿ ಕಾಲು ತೊಳೆದು, ಉಸಿರು ನೆಟ್ಟಗೆ ಮಾಡಿಕೊಂಡು ವರಾಂಡದಲ್ಲಿ ನಿಲ್ಲುತ್ತಿದ್ದೆ. ಮಗಳು ಬಂದು ಕಾಲು ತಬ್ಬಿಕೊಂಡರೆ, “ನೋಡಿದ್ಯಾ, ಇಲ್ಲೇ ಇದ್ದೆ,” ಎನ್ನುತ್ತಿದ್ದೆ. ಅವಳು ಹೂಂ ಎನ್ನುತ್ತಿದ್ದಳು. ಹೀಗೇ ಮಳೆಗಾಲ ದಾಟಿಬಿಟ್ಟರೆ ಗೆದ್ದೆ ಎಂದುಕೊಂಡಿದ್ದೆ.

ಆ ದಿನ ಮೋಡ ಕಟ್ಟಿತ್ತು. ಎಂದಿನಂತೆ ಹಿಂದಿನ ಗೇಟಿನಿಂದ ಬಂದು ನಲ್ಲಿಯ ಹತ್ತಿರ ನಿಂತರೆ, ಮಿಸ್ಸು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ಅವರ ಮುಖ ನೋಡಿಯೇ, “ಏನಾಯ್ತು?” ಎಂದೆ.

“ಗಾಬರಿ ಆಗ್ಬೇಡಿ. ನಿಮ್ಮ ಚಪ್ಪಲಿ ಮೆಟ್ಟಿಲ ಮೇಲಿಲ್ಲ. ನಾನು ನೋಡೋ ಹೊತ್ತಿಗೆ ಮಗು ನೋಡ್ಬಿಟ್ಟಿತ್ತು.”

“ಅತ್ಲಾ?”

“ಇಲ್ಲ. ಅದೇ ನಂಗೆ ಭಯ. ಅವಾಗ್ಲಿಂದ ಹೊರಗೆ ಹೋಗಿ ಕೂತಿದಾಳೆ. ಒಳಗೆ ಬಾ ಅಂದ್ರೆ ಬರಲ್ಲ. ನಾನೂ ಗೇಟಿಗೆ ಬೀಗ ಹಾಕಿ ಪಕ್ಕದಲ್ಲೇ ಕೂತಿದ್ದೆ, ಈಗಷ್ಟೇ ಎದ್ದು ಬಂದೆ.”

ಕಾಲು ತೊಳೆಯುವುದು ಹಾಗಿರಲಿ, ಹಾಲು ದಾಟಿ ಮುಂಬಾಗಿಲಿಗೆ ಓಡಿದೆ. ಮುಗಿಯಿತು, ನನ್ನ ಕೆಲಸ ಹೋಯಿತು, ಡಬ್ಲ್ಯು ಹೋಯಿತು, ಇನ್ನು ಇವಳು ಜನ್ಮದಲ್ಲಿ ನನ್ನ ಮಾತು ನಂಬುವುದಿಲ್ಲ, ಎಲ್ಲಾ ಒಟ್ಟಿಗೇ ತಲೆಯಲ್ಲಿ ಓಡಿತು.

ಮೆಟ್ಟಿಲ ಮೇಲೆ ನನ್ನ ಮಗಳು ಕೂತಿದ್ದಳು. ಕಾಲಲ್ಲಿ ಬರೀ ಸಾಕ್ಸು. ನನ್ನ ಚಪ್ಪಲಿ ಇರುತ್ತಿದ್ದ ಜಾಗದಲ್ಲಿ, ಸರಿಯಾಗಿ ಅದೇ ಜಾಗದಲ್ಲಿ, ಅವಳ ಅಂಗೈಯಗಲದ ಕಪ್ಪು ಶೂಗಳು ಜೋಡಿಯಾಗಿ ಇದ್ದವು.

“ಪುಟ್ಟೀ...”

ತಿರುಗಿ ನೋಡಿದಳು. “ನಿನ್ನ ಚಪ್ಪಲಿ ಅಜ್ಜಿ ಹಾಕ್ಕೊಂಡ್ ಹೋಯ್ತು,” ಎಂದಳು, ಚಾಡಿ ಹೇಳುವವಳ ಹಾಗೆ.

“ಇದ್ಯಾಕೆ ನಿನ್ನ ಶೂ ಇಲ್ಲಿಟ್ಟಿದೀಯ?”

“ನೀನ್ ಬಂದಾಗ ನಾನು ಇಲ್ಲೇ ಇದೀನಿ ಅಂತ ನಿಂಗೆ ಗೊತ್ತಾಗ್ಬೇಕಲ್ವಾ?”

ನಾನು ಅವಳ ಪಕ್ಕದಲ್ಲಿ ಕೂತುಬಿಟ್ಟೆ. “ನಾನೆಲ್ಲಿಗೆ ಹೋಗಿದ್ದೆ ಗೊತ್ತಾ ನಿಂಗೆ?”

“ಪದ ಬರಿಯಕ್ಕೆ.”

“ಯಾರ್ ಹೇಳಿದ್ರು?”

ಅವಳು ನನ್ನ ಸೀರೆಯ ಅಂಚನ್ನು ಎತ್ತಿ ತೋರಿಸಿದಳು. ಕಾಲನ್ನೇನೋ ದಿನಾ ತೊಳೆಯುತ್ತಿದ್ದೆ. ಸೀರೆಯ ಅಂಚಿನ ತುಂಬ ಕೆಸರು ಹಾಗೇ ಇತ್ತು. ದಿನಾ ಓಡಿ ಬಂದು ನನ್ನ ಕಾಲು ತಬ್ಬುವವಳ ಕಣ್ಣಿಗೆ ಮೊದಲು ಕಾಣುವುದೇ ಅದು. ಮನೆಯಲ್ಲಿ ನಾನು ಪದ ಬರೆಯುತ್ತಾ ಕೂರುವುದನ್ನಂತೂ ದಿನಾ ನೋಡುತ್ತಿದ್ದಳು. ನಾನು ನನ್ನ ಎತ್ತರದಿಂದ ನೋಡಿ ಎಲ್ಲಾ ಸರಿಯಿದೆ ಅಂದುಕೊಂಡಿದ್ದೆ.

“ಗೊತ್ತಿದ್ರೂ ಯಾಕೆ ಅಳ್ಲಿಲ್ಲ ಮತ್ತೆ?”

ಇದೇನು ಕೇಳ್ತೀಯ ಎನ್ನುವ ಹಾಗೆ ನೋಡಿದಳು. “ನೀನು ದಿನಾ ಬರ್ತೀಯಲ್ಲಮ್ಮ,” ಎಂದಳು.

ಅವಳನ್ನು ತೊಡೆಯ ಮೇಲೆ ಎಳೆದುಕೊಂಡು ಮುತ್ತಿಟ್ಟೆ. ಎಲ್ಲಿ ಸಿಕ್ಕಿದರೆ ಅಲ್ಲಿ, ತಲೆಗೆ, ಕಿವಿಗೆ, ಸಾಕ್ಸಿಗೆ. ನಾನು ಇವಳನ್ನು ಸಾಕುತ್ತಿದ್ದೇನೆ ಎಂದುಕೊಂಡಿದ್ದೆನಲ್ಲಾ! ಇಷ್ಟು ದಿನ ಈ ಚೋಟುದ್ದದ ಹುಡುಗಿ ಕಿಟಕಿಯಿಂದ ನನ್ನ ಚಪ್ಪಲಿಯನ್ನು ನೋಡುತ್ತಿದ್ದದ್ದು ನಾನಿದ್ದೇನೆಯೇ ಎಂದು ತಿಳಿಯಲಿಕ್ಕಲ್ಲ. ನಾನು ಬಿಟ್ಟು ಹೋದದ್ದನ್ನು ಯಾರೂ ತೆಗೆದುಕೊಂಡು ಹೋಗದಿರಲಿ ಎಂದು ನೋಡಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಅಜ್ಜಿ ಒಂದು ಕೈಯಲ್ಲಿ ನುಗ್ಗೇಕಾಯಿ ಹಿಡಿದು ಗೇಟಿನ ಹೊರಗೆ ಬಂದು ನಿಂತರು. ಕಾಲಲ್ಲಿ ನನ್ನ ಚಪ್ಪಲಿ. ನನ್ನ ಮುಖ ನೋಡಿ, ತಮ್ಮ ಕಾಲು ನೋಡಿಕೊಂಡು, ನಾಲಿಗೆ ಕಚ್ಚಿಕೊಂಡರು.

“ಅಯ್ಯೋ, ನನ್ ಚಪ್ಲಿ ಉಂಗುಷ್ಟ ಕಿತ್ತೋಯ್ತು ಕಣವ್ವ. ನೀನು ಹೆಂಗಿದ್ರೂ ಹರಕೆ ಮುಗಿಯೋಗಂಟ ಮೆಟ್ಟಂಗಿಲ್ವಲ್ಲ, ಸುಮ್ನೆ ಬಿದ್ದಿರ್ತವೆ ಅಂತ ಹಾಕ್ಕೊಂಡೆ. ತಪ್ಪಾಯ್ತಾ?”

ಬೈಯಬೇಕೆಂದೇ ಬಾಯಿ ತೆರೆದೆ. ಕೋಪ ಮೂಗಿನ ತುದಿಯಲ್ಲೇ ಇಟ್ಟುಕೊಂಡವಳು ನಾನು. ಆದರೆ ಬಂದದ್ದು ನಗು. ಮಿಸ್ಸೂ ನಕ್ಕರು. ಯಾಕೆಂದು ತಿಳಿಯದೆ ಅಜ್ಜಿಯೂ ನಕ್ಕರು.

ಅಂದು ಮಧ್ಯಾಹ್ನ ಮಗಳು ಮಲಗಿದ ಮೇಲೆ ಆ ಖಾಲಿ ಜಾಗ ತುಂಬಿಸಿದೆ. ‘ಅಮ್ಮ ಬರುವವರೆಗೆ ಮಗು ಬಾಗಿಲಲ್ಲಿ ಕಾಯಿತು’ ಎಂದು ಕನ್ನಡದಲ್ಲಿ ಬರೆದು, ಮೇಲೆ ಅದರ ಇಂಗ್ಲಿಷನ್ನು ಬರೆದೆ. ಮೇಷ್ಟ್ರು ಅದನ್ನು ಓದಿ ಏನೂ ತಿದ್ದಲಿಲ್ಲ. ಆ ನಿಘಂಟು ಅಚ್ಚಾಯಿತು, ದೊಡ್ಡ ನಿಘಂಟಿಗೂ ನನ್ನನ್ನೇ ಕೂರಿಸಿಕೊಂಡರು, ಎರಡು ಸಾವಿರ ಇಸವಿ ದಾಟಿದ ಮೇಲೂ ಅದೇ ಮಹಡಿ ಹತ್ತುತ್ತಿದ್ದೆ. ಅದೆಲ್ಲ ಆಮೇಲಿನ ಮಾತು. ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿರುವುದು ಆ ಮಾರನೆಯ ಬೆಳಿಗ್ಗೆ.

ಮೆಟ್ಟಿಲ ಹತ್ತಿರ ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಮಗಳನ್ನು ಕಿಟಕಿಯ ಪಕ್ಕ ಕೂರಿಸಿದೆ. ಇಲ್ಲೇ ಇರ್ತೀನಿ ಎನ್ನುವ ಹಾಗಿಲ್ಲ, ಹೋಗ್ತೀನಿ ಎನ್ನಲು ಬಾಯಿ ಬರುತ್ತಿಲ್ಲ. ಸುಮ್ಮನೆ ಅವಳ ತಲೆ ಸವರುತ್ತಾ ನಿಂತಿದ್ದೆ. ಅವಳೇ ಎದ್ದು ನನ್ನ ಕೈ ಹಿಡಿದು ಮೆಟ್ಟಿಲವರೆಗೆ ಬಂದಳು. ನನ್ನ ಚಪ್ಪಲಿಯನ್ನು ಎರಡು ಕೈಯಲ್ಲೂ ಎತ್ತಿ ನನ್ನ ಕಾಲ ಮುಂದೆ ಇಟ್ಟಳು.

“ಹಾಕ್ಕೊಂಡ್ ಹೋಗಮ್ಮ, ಕಾಲು ನೋಯತ್ತೆ. ನಾನು ಇಲ್ಲೇ ಕಾಯ್ತಿರ್ತೀನಿ.”

ಚಪ್ಪಲಿ ಮೆಟ್ಟಿಕೊಂಡು, ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಮುಂದಿನ ಗೇಟಿನಿಂದ ಹೊರಟೆ. ರಸ್ತೆಗೆ ಇಳಿದು ತಿರುಗಿ ನೋಡಿದರೆ ಅವಳು ಶೂ ಬಿಚ್ಚಿ ಮೆಟ್ಟಿಲ ಮೇಲೆ ಜೋಡಿಸಿ ಇಡುತ್ತಿದ್ದಳು. ಇಟ್ಟು, ಒಮ್ಮೆ ಸರಿಪಡಿಸಿ, ಒಳಗೆ ಹೋದಳು. ನನಗೆ ಅಳು ತಡೆಯಲಾಗಲಿಲ್ಲ. ಬೀದಿಯುದ್ದಕ್ಕೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಡೆದೆ.

ದೇವಸ್ಥಾನದ ಹತ್ತಿರ ಹೂವಿನಾಕೆ ನನ್ನ ಕಾಲು ನೋಡಿದಳು, ಒದ್ದೆಯಾದ ಮುಖ ನೋಡಿದಳು.

“ಹರಕೆ ತೀರ್ತಾ ಅಕ್ಕಾ?”

“ತೀರ್ತು ಕಣಮ್ಮ,” ಎಂದೆ.